ಇಪ್ಪತ್ಮೂರನೇ ತಾರೀಖಿಗೆ ಮಂಜು ಬೇಕೆಂದು ಕೋರಿ

ಇಂದ:
ತುಳಸಮ್ಮ, ಬಿ.ಎ., ವಯಸ್ಸು ಎಪ್ಪತ್ತೆರಡು,
ಯಾತ್ರಿಕರು ಇಳಿದುಕೊಳ್ಳುವ ಮನೆಯ ಎರಡನೇ ಮಹಡಿ,
ಬಂಗಾಲಿ ಟೋಲಾ, ವಾರಾಣಸಿ.

ಗೆ:
ಮುಖ್ಯ ಅಧೀಕ್ಷಕರು,
ಚಳಿ ಮತ್ತು ಮಂಜು ಸರಬರಾಜು ಕಚೇರಿ,
ಮೋಡಗಳ ಮೇಲಿನ ಅಂತಸ್ತು.

ವಿಷಯ: ಒಂದು ಬೆಳಗಿನ ಮಟ್ಟಿಗೆ ದಟ್ಟ ಮಂಜು ಒದಗಿಸುವ ಬಗ್ಗೆ.
ಉಲ್ಲೇಖ: ಕಳೆದ ಜನವರಿಯಲ್ಲಿ ತಾವು ಕಳುಹಿಸಿದ್ದ ಮಂಜು.

ಮಾನ್ಯರೇ,

ಅರ್ಜಿದಾರಳು ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಧಾರವಾಡದ ಹಾಸ್ಟೆಲಿನಲ್ಲಿ ಅರ್ಜಿದಾರಳ ಕೋಣೆಯಲ್ಲೇ ಇದ್ದ ಗೆಳತಿ ಭವಾನಿ ಈಗ ಬಳ್ಳಾರಿಯಲ್ಲಿದ್ದಾಳೆ. ದಿನಾ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಫೋನಿನಲ್ಲಿ ಹವಾಮಾನ ವಿನಿಮಯ ಮಾಡಿಕೊಳ್ಳುವುದು ರೂಢಿ. ಆಕೆಯ ಬಳಿ ಬಿಸಿಲು ಬಿಟ್ಟರೆ ಬೇರೆ ದಾಸ್ತಾನಿಲ್ಲ. ಕಾರಣ, ಕಾಶಿಯ ಮಂಜಿನ ಸುದ್ದಿಯೆಂದರೆ ಆಕೆಗೆ ಪ್ರಾಣ.

೨. ಈ ವರ್ಷ ತಮ್ಮ ಕಚೇರಿಯಿಂದ ಮಂಜು ಬರಲಿಲ್ಲ. ಜನವರಿಯಲ್ಲೂ ಫ್ಯಾನು ತಿರುಗುತ್ತಿದೆ. ಸೋನಾರ್‌ಪುರದ ಕಂಬಳಿ ವ್ಯಾಪಾರಿ ತನ್ನ ಕಂಬಳಿಗಳ ಮೇಲೆಯೇ ನಿದ್ದೆ ಹೋಗುತ್ತಾನೆ. "ಎಷ್ಟೈತೆ ಮಂಜು?" ಎಂದು ಭವಾನಿ ಆಸೆಯಿಂದ ಕೇಳಿದಾಗ ಇಲ್ಲವೆನ್ನಲು ಅರ್ಜಿದಾರಳಿಗೆ ಬಾಯಿ ಬರಲಿಲ್ಲ. "ಎದುರಿನ ಮನೀನ ಕಾಣವಲ್ದು" ಎಂದುಬಿಟ್ಟಳು. ಮರುದಿನ ಗಂಗೆ ಕಾಣದಾಯಿತು. ಅದರ ಮರುದಿನ ಅರ್ಜಿದಾರಳ ಕೈ ಅವಳಿಗೇ ಕಾಣಲಿಲ್ಲ.

೩. ಫ್ಯಾನಿನ ಸದ್ದು ಬಳ್ಳಾರಿಗೆ ಕೇಳಿಸದಿರಲೆಂದು ಅರ್ಜಿದಾರಳು ಹತ್ತಿ ತುಂಬಿದ ದಪ್ಪ ರಜಾಯಿಯನ್ನು ತಲೆತುಂಬ ಹೊದ್ದು ಮಾತನಾಡತೊಡಗಿದಳು. ಐದನೇ ದಿನ, ಫೋನು ಕಿವಿಯಲ್ಲಿರುವಾಗಲೇ, ಕಾಶಿಯಲ್ಲೇ ಬೆಳೆದ ಮೊಮ್ಮಗಳು ಹರಿಪ್ರಿಯಾ ಗಟ್ಟಿಯಾಗಿ, "ಅಜ್ಜಿ, ರಜಾಯಿ ಒಳಗೆ ಪಸೀನಾ ಬರಲ್ವಾ? ಪಂಖಾ ಬಂದ್ ಮಾಡ್ಲಾ?" ಎಂದಳು. ಫ್ಯಾನನ್ನೇ ಆರಿಸಬಹುದೆಂಬುದು ಬಿ.ಎ. ಓದಿದವಳಿಗೆ ಹೊಳೆದಿರಲಿಲ್ಲ. ಹುಡುಗಿ ಫ್ಯಾನು ಆರಿಸಿ, ಬೆವರೊರೆಸಲು ಒಂದು ಒದ್ದೆ ಟವೆಲ್ಲನ್ನು ರಜಾಯಿಯೊಳಗೆ ತೂರಿಸಿ ಹೋದಳು.

೪. ಪರಿಣಾಮವಾಗಿ, "ಸಾಯೋದ್ರೊಳಗೆ ಆ ಮಂಜು ನೋಡ್ತೀನಿ" ಎಂದು ಭವಾನಿ ಟಿಕೆಟು ಮಾಡಿಸಿದ್ದಾಳೆ. ಇಪ್ಪತ್ಮೂರರ ಬೆಳಿಗ್ಗೆ ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲಿ ಇಳಿಯುತ್ತಾಳೆ. ಅಂದು ಆಕಾಶ ನಿಚ್ಚಳವಾಗಿದ್ದರೆ ಐವತ್ತು ವರ್ಷಗಳ ನಂಬಿಕೆ ಪ್ಲಾಟ್‌ಫಾರ್ಮಿನ ಮೇಲೆಯೇ ಮುಗಿಯುತ್ತದೆ. ಆದ್ದರಿಂದ ಅಂದಿಗೆ ಮಂಜು ದಯಪಾಲಿಸಬೇಕು.

೫. ಇಷ್ಟು ಬರೆಯುವ ಹೊತ್ತಿಗೆ ಬಳ್ಳಾರಿಯಿಂದ ಬಂದಿಳಿದ ಯಾತ್ರಿಕ ಚಂದ್ರಶೇಖರಯ್ಯನವರು ಭವಾನಿ ಕೊಟ್ಟ ಪೊಟ್ಟಣ ತಲುಪಿಸಿದರು. "ಭಾಳ ಅರ್ಜೆಂಟ್ ಅಂದಾರ್ರೀ ಅಮ್ಮಾರೇ." ಒಳಗೆ ಉಣ್ಣೆಯ ಶಾಲು ಇರುತ್ತದೆಂದು ಹೆದರುತ್ತಲೇ ಅರ್ಜಿದಾರಳು ಪೊಟ್ಟಣ ಬಿಚ್ಚಿದಳು. ಇದ್ದದ್ದು ಲಾವಂಚದ ಬೀಸಣಿಗೆ. ಜೊತೆಗೊಂದು ಚೀಟಿ: "ಲೇ ತುಳಸಿ, ನಿನ್ನ ಮೊಮ್ಮಗಳ ಮಾತು ನಂಗೂ ಕೇಳ್ತು. ಮೊದ್ಲು ಆ ರಜಾಯಿ ತೆಗೆದು ಬಿಸಾಡು. ನಾ ಬರೋದು ಮಂಜು ನೋಡಾಕಲ್ಲ."

೬. ಮಂಜು ಕವಿದರೆ ಈ ಕಡೆಯ ರೈಲುಗಳು ಹತ್ತು ಹನ್ನೆರಡು ಗಂಟೆ ತಡವಾಗುವ ಸಂಗತಿ ತಮಗೆ ತಿಳಿದದ್ದೇ. ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಅಂಶ ನಾಲ್ಕನ್ನು ಹೊಡೆದುಹಾಕಿ, ಇಪ್ಪತ್ಮೂರರಂದು ಭವಾನಿ ಬಂದಿಳಿಯುವ ತನಕ ಬಳ್ಳಾರಿಯಿಂದ ಕಾಶಿಯವರೆಗೆ ದಾರಿಯುದ್ದಕ್ಕೂ ಒಂದು ಹಿಡಿ ಮಂಜನ್ನೂ ಬಿಡುಗಡೆ ಮಾಡಬಾರದೆಂದು ಪ್ರಾರ್ಥನೆ.

ಇಂದಿನಿಂದ ನಿಜವನ್ನೇ ಹೇಳಲಿರುವ
ತಮ್ಮ ವಿಶ್ವಾಸಿ,
ತುಳಸಮ್ಮ

ಲಗತ್ತುಗಳು:
೧. ಭವಾನಿಯ ಚೀಟಿಯ ನಕಲು.
೨. ಒದ್ದೆ ಟವೆಲ್ಲು, ಒಂದು.
(ಬೀಸಣಿಗೆ ಬಳಕೆಯಲ್ಲಿರುವುದರಿಂದ ಲಗತ್ತಿಸಿಲ್ಲ.)

ವಿ.ಸೂ.: ಭವಾನಿಯ ವಾಪಸು ರೈಲು ಫೆಬ್ರವರಿ ಎರಡಕ್ಕಿದೆ. ಅಂದು ತಮ್ಮಲ್ಲಿರುವ ಮಂಜನ್ನೆಲ್ಲ ಕಳುಹಿಸಿದರೂ ಅರ್ಜಿದಾರಳ ಆಕ್ಷೇಪಣೆಯಿಲ್ಲ.