ಫ್ಯಾನ್ ಕಂಪನಿಗೆ ಸೇರಿದ ನಮ್ಮ ಮಾವ

ನಮ್ಮ ಮಾವ ಹೆದರಿದ್ದನ್ನು ಕಂಡವರು ಯಾರೂ ಇಲ್ಲ. ಹಾಗೆಂದು ಹೇಳುತ್ತಿದ್ದವನು ಮಾವನೇ. ಹಾವು, ದೆವ್ವ, ಫಾರೆಸ್ಟಿನವರು, ನಮ್ಮವ್ವ, ಯಾರಿಗೂ ತಾನು ಬಗ್ಗುವವನಲ್ಲ ಎನ್ನುತ್ತಿದ್ದ. ಅವ್ವನ ತಮ್ಮನಾದ್ದರಿಂದ ಆ ಕೊನೆಯ ಹೆಸರನ್ನು ಮಾತ್ರ ಅವಳಿಲ್ಲದಾಗ ಸೇರಿಸುತ್ತಿದ್ದ.

ರಾಂಪುರದ ಹತ್ತಿರದ ಹಳ್ಳಿಯಲ್ಲಿ ಮಾವ ಬಳ್ಳಾರಿ ಜಾಲಿ ಕಡಿದು, ಸುಟ್ಟು, ಇದ್ದಿಲು ಮಾಡಿ ಮಾರುತ್ತಿದ್ದ. ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮ ಕಡೆಯ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಬಗಳು ಎದ್ದವು. ಜನ ಅವನ್ನು ಫ್ಯಾನ್ ಎಂದರು. ಸುತ್ತಲಿನವರಿಗೇ ತರಬೇತಿ ಕೊಟ್ಟು ಕೆಲಸ ಕೊಡುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ಮಾವ ಇದ್ದಿಲ ಗುಂಡಿ ಮುಚ್ಚಿ, “ಹೊಗೆ ಕುಡಿದಿದ್ದು ಸಾಕು, ಇನ್ಮ್ಯಾಲೆ ಗಾಳಿ ಕೆಲ್ಸ” ಎಂದು ಚಳ್ಳಕೆರೆಯ ನಮ್ಮ ಮನೆಗೆ ಬಂದಿಳಿದ. ತರಬೇತಿ ಅಲ್ಲೇ ಇತ್ತು.

ಕಂಪನಿ ನೀಲಿ ಯೂನಿಫಾರಂ, ಹಳದಿ ಹೆಲ್ಮೆಟ್ ಕೊಟ್ಟಿತು. ಮಾವ ಉಣ್ಣುವಾಗಲೂ ಹೆಲ್ಮೆಟ್ ತೆಗೆಯಲಿಲ್ಲ. ನಮ್ಮ ಬೀದಿಯಲ್ಲಿ ತಲೆಯ ಮೇಲೆ ಬೀಳುವಂಥದ್ದು ಕಾಗೆ ಹಿಕ್ಕೆ ಬಿಟ್ಟರೆ ಇನ್ನೇನಿತ್ತು? ಪಕ್ಕದ ಮನೆಯ ಅಜ್ಜಿ, “ಬ್ಯಾಸಿಗ್ಯಾಗೆ ಆ ಫ್ಯಾನು ಒಸಿ ನಮ್ಮ ಬೀದಿ ಕಡೆ ತಿರುಗಿಸ್ತೀಯೇನಪ್ಪಾ?” ಎಂದು ಕೇಳಿದಳು.

“ನೋಡಾನ ಅಜ್ಜಿ, ಸಾಹೇಬ್ರಿಗೆ ಒಂದ್ ಮಾತು ಹೇಳ್ತೀನಿ” ಎಂದ ಮಾವ, ಗಂಭೀರವಾಗಿ.

ಕೊನೆಗೊಂದು ದಿನ, “ಪಾಸಾದೆ, ನಾಳೆಯಿಂದ್ಲೇ ಡ್ಯೂಟಿ” ಎಂದವನೇ ಊರಿಗೆ ಹೊರಟುಹೋದ. ದಿನಾ ಬೆಳಿಗ್ಗೆ ಯೂನಿಫಾರಂ ತೊಟ್ಟು, ಬುತ್ತಿ ಹಿಡಿದು ಗುಡ್ಡದ ಕಡೆ ನಡೆಯುತ್ತಿದ್ದನಂತೆ. ನಾನು ಬೀದಿಯೆಲ್ಲ ಸಾರಿಕೊಂಡು ಬಂದೆ.

ಅವನನ್ನು ನೋಡಲೆಂದು ಹಳ್ಳಿಗೆ ಹೋದಾಗ ಅತ್ತೆ ಆ ಯೂನಿಫಾರಂ ಒಗೆಯಲು ಕೂತಿದ್ದಳು. ಮೂಸಿ ನೋಡಿ ಕೇಳಿದಳು: “ಗಾಳಿ ಕೆಲ್ಸದಾಗೆ ಹೊಗೆ ಎಲ್ಲಿಂದ ಬಂತು?”

ನನಗೆ ನಗು ಬಂತು. ಮಾವನ ಮುಖ ನೋಡಿ ನಿಂತಿತು.

“ತರಬೇತ್ಯಾಗೆ ಕಂಬ ಅರ್ಧ ಹತ್ತಿದ್ಮ್ಯಾಗೆ ಕಾಲೇ ಬರ್ಲಿಲ್ಲ ಕಣೆ” ಎಂದ. “ಕಂಬದೊಳಗೆ ಏಣಿ ತಬ್ಕಂಡು ನಿಂತ್ಬಿಟ್ಟೆ. ನನ್ನ ಮಗನ ವಯಸ್ಸಿನ ಹುಡುಗ್ರು ಸೊಂಟಕ್ಕೆ ಹಗ್ಗ ಕಟ್ಟಿ, ಕೂಸು ಇಳಿಸ್ದಂಗೆ ಇಳಿಸಿದ್ರು. ಯಾವ ಮುಖ ಹೊತ್ಕಂಡು ಹೇಳ್ಲಿ?”

ಗುಡ್ಡದ ಆಚೆ, ಯಾರೂ ಕಾಣದ ಕಡೆ, ಯೂನಿಫಾರಂ ಗಿಡಕ್ಕೆ ನೇತುಹಾಕಿ ಮತ್ತೆ ಇದ್ದಿಲೇ ಸುಡುತ್ತಿದ್ದ. ಅಂದು ಅವನು ಉಣ್ಣಲಿಲ್ಲ.

ಮರುದಿನ ಅತ್ತೆ, “ನಡಿ, ಕಂಬ ಹತ್ತದಂಗೆ ಕೆಳಗೇ ಮಾಡೋ ಕೆಲ್ಸ ಕೇಳಾನ” ಎಂದಳು.

“ಆ ಹುಡುಗ್ರ ಮುಂದೆ ಹೆಂಗ್ ನಿಂದ್ರಲಿ?”

“ನೀನು ನಿಂದ್ರಬ್ಯಾಡ. ನಾನು ಕೇಳ್ತೀನಿ.”

ಚಳ್ಳಕೆರೆಯ ತರಬೇತಿ ಜಾಗಕ್ಕೆ ನಾನೂ ಜೊತೆಗೆ ಹೋದೆ. ಅತ್ತೆ ಒಳಗೆ ಹೋದಳು. ಮಾವ ಗೇಟಿನ ಮೇಲಿದ್ದ ‘ಅಪಾಯ’ ಎಂಬ ಒಂದೇ ಪದದ ಬೋರ್ಡನ್ನು ತುಂಬ ಹೊತ್ತು ಓದಿದ. ತರಬೇತಿ ಕೊಟ್ಟಿದ್ದ ಸಾಹೇಬರು ತಾವೇ ಹೊರಗೆ ಬಂದು, “ಹೇಳ್ದೆ ಕೇಳ್ದೆ ಹೋಗ್ಬಿಟ್ರಲ್ರಿ. ಹತ್ತೋಕಾಗದೋರು ಪ್ರತಿ ಸಲ ಇರ್ತಾರೆ. ಕೆಳಗಿಂದ ಸಾಮಾನು ಏರಿಸೋದನ್ನ ಕಲೀರಿ” ಎಂದರು. ಮಾವ ನೆಲ ನೋಡುತ್ತಲೇ ತಲೆಯಾಡಿಸಿದ.

ಅದನ್ನು ಕಲಿತ. ಕೆಲಸವೂ ಸಿಕ್ಕಿತು. ಮೊದಲ ದಿನದ ಕಥೆಯನ್ನು ಅತ್ತೆ ಆಮೇಲೆ ಅವ್ವನಿಗೆ ಹೇಳಿದಳು. ಗುಡ್ಡದ ಫ್ಯಾನುಗಳ ಗೇಟಿನ ತನಕ ಕಳಿಸಿಬರಲು ಹೋದವಳಿಗೆ ಮಾವ, “ನೀನೂ ಒಂದೀಟು ಒಳಗೆ ಬಾ” ಎಂದನಂತೆ. ಊರ ದಾರಿಯಲ್ಲಿ ಒಂದು ದಿನವೂ ಹೆಂಡತಿಯ ಪಕ್ಕದಲ್ಲಿ ನಡೆಯದ ಮನುಷ್ಯ, ಆ ಹುಡುಗರೆಲ್ಲ ನೋಡುತ್ತಿರುವಾಗಲೇ, ಅವಳ ಸೆರಗಿನ ತುದಿ ಹಿಡಿದುಕೊಂಡು ಒಳಗೆ ಹೋದನಂತೆ.