ಓವನ್ ರಿಪೇರಿಯೂ ನಾನು ಕೇಳಿದ ಕೊಸರೂ

ನಮ್ಮ ಮನೆಯ ಗ್ಯಾಸ್ ಓವನ್ ಸರಿಮಾಡಿಸಲು ಹದಿನೆಂಟು ನೂರು ರೂಪಾಯಿ ಖರ್ಚಾಯಿತು. ಸರಿಯಾದ ಓವನ್ನನ್ನು ಕೆಡಿಸಲು, ಕೆಡಿಸಿದ್ದನ್ನು ಪುನಃ ಸರಿಮಾಡಿಸಲು ಎರಡು ಸಾವಿರದ ನಾನೂರು. ಇದರ ಮೇಲೆ ಹಾವೇರಿಗೆ ಹೋಗಿಬಂದ ಬಸ್ ಚಾರ್ಜು ಮತ್ತು ಒಂದು ಜೊತೆ ಕೈಗವಸು. ಕೊನೆಗೆ ಓವನ್ ದಾರಿಗೆ ಬಂದದ್ದು ಮಾತ್ರ ಒಡೆದ ಹಂಚಿನ ತುಂಡಿನಿಂದ. ಅದು ಪುಕ್ಕಟೆ. ನಮ್ಮ ಹಿತ್ತಲಲ್ಲೇ ಬಿದ್ದಿತ್ತು.

ಇಷ್ಟು ಖರ್ಚು ಯಾಕಾಯಿತು ಎಂದರೆ, ನಾನು ವ್ಯವಹಾರದಲ್ಲಿ ಜಾಣ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊಲಿಯುವುದರಿಂದ ಶುರುಮಾಡಿ ಸ್ವಂತ ಅಂಗಡಿ ಇಟ್ಟವನು ನಾನು. ದಿನವೂ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಪಕ್ಕದಲ್ಲಿ ಕುಳಿತವರಿಗೆ ಅವರ ಸೈಟು, ಮಗಳ ಮದುವೆ, ಮೊಣಕಾಲು ನೋವು ಎಲ್ಲದರ ಬಗ್ಗೆಯೂ ಸಲಹೆ ಕೊಡುತ್ತೇನೆ. ಅವರು ಕೇಳಬೇಕೆಂದೇನಿಲ್ಲ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಬೆಲೆ ಒಂದು ಪೈಸೆಯೂ ಇಳಿಯದಿದ್ದರೆ ಕೊಸರು ಕೇಳುತ್ತೇನೆ. ತೂಕವೆಲ್ಲ ಮುಗಿದ ಮೇಲೆ ಕೈಚಾಚಿ ಪಡೆಯುವ ಆ ಒಂದು ಹಿಡಿ ಇದೆಯಲ್ಲ, ಅದರ ರುಚಿ ದುಡ್ಡು ಕೊಟ್ಟು ತಂದದ್ದಕ್ಕೆ ಇರುವುದಿಲ್ಲ. ಒಮ್ಮೆ ಹಲ್ಲು ಕಿತ್ತ ಡಾಕ್ಟರನ್ನೂ ಕೇಳಿದ್ದೆ: "ಹೆಂಗೂ ಬಾಯಿ ತೆರದೇನಿ, ಬಾಜೂದ್ದನ್ನೂ ಒಂದೀಟು ನೋಡಿಬಿಡ್ರಿ." ಅವರು ನೋಡಿದರು. ಅದನ್ನೂ ಕಿತ್ತರು.

ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ನನ್ನ ಹೆಂಡತಿ ಕಸ್ತೂರಿ ಮನೆಯಲ್ಲೇ ಖಾರದ ಬಿಸ್ಕತ್ತು ಮಾಡಿ ಮಾರುತ್ತಾಳೆ. ಮುಚ್ಚಿಹೋದ ಬೇಕರಿಯೊಂದರಿಂದ ತಂದ ಹಳೆಯ ಗ್ಯಾಸ್ ಓವನ್ ಅವಳದು. ಅದನ್ನು ಎಮ್ಮೆ ಸಾಕಿದ ಹಾಗೆ ಸಾಕಿದ್ದಾಳೆ. ಅದಕ್ಕೊಂದು ದೋಷವಿತ್ತು: ಎಡಗಡೆ ಉರಿ ಸಣ್ಣದು, ಬಲಗಡೆ ದೊಡ್ಡದು. ಒಂದೇ ತಟ್ಟೆಯಲ್ಲಿ ಬಲಗಡೆಯ ಬಿಸ್ಕತ್ತು ಕೆಂಪಗೆ ಗರಿಗರಿಯಾಗಿ, ಎಡಗಡೆಯದು ಬೆಳ್ಳಗೆ ಮೆತ್ತಗಾಗಿ ಬರುತ್ತಿತ್ತು. ಹಲ್ಲಿದ್ದವರು ಕೆಂಪನೆಯದು ಒಯ್ಯುತ್ತಿದ್ದರು, ಇಲ್ಲದವರು ಬಿಳಿಯದು. ನಾನು ಇದನ್ನು ವರ್ಷಗಟ್ಟಲೆ ನೋಡಿದ್ದೆ. ನೋಡಿದ್ದೆ ಅಷ್ಟೇ.

ಎದುರುಮನೆ ಗಂಗಕ್ಕನ ಬಸುರಿ ಮಗಳ ಕುಬುಸ, ಅಂದರೆ ಸೀಮಂತ, ನಿಶ್ಚಯವಾಯಿತು. ಶುಕ್ರವಾರದ ಆ ಕಾರ್ಯಕ್ಕೆ ಬಂದವರಿಗೆಲ್ಲ ಹಂಚಲು ಬಿಸ್ಕತ್ತಿನ ಆರ್ಡರ್ ಕಸ್ತೂರಿಗೇ ಸಿಕ್ಕಿತು. ಅವಳಿಗೆ ಅದು ಮೊದಲನೆಯ ದೊಡ್ಡ ಆರ್ಡರ್. ಗಂಗಕ್ಕನ ಅತ್ತೆ ಮೇಡ್ಲೇರಿಯ ಅಜ್ಜಿ. ಬಾಯಲ್ಲಿ ಹಲ್ಲಿಲ್ಲ, ನಾಲಿಗೆ ಇದೆ. ಆ ಅಜ್ಜಿ ಒಮ್ಮೆ "ಛಲೋ ಐತಿ" ಎಂದರೆ ನಮ್ಮ ಓಣಿಯ ಪ್ರತಿ ಕಾರ್ಯಕ್ಕೂ ಕಸ್ತೂರಿಯ ಬಿಸ್ಕತ್ತೇ. ಮೂಗು ಮುರಿದರೆ ಅಲ್ಲಿಗೆ ಮುಗಿಯಿತು.

ಆರ್ಡರ್ ಸಿಕ್ಕ ಮರುದಿನವೇ ಓವನ್ನಿನ ಉರಿ ನಡುನಡುವೆ ಪುಸಕ್ಕನೆ ಆರಿಹೋಗತೊಡಗಿತು. ಅಡುಗೆಮನೆ ತುಂಬ ಗ್ಯಾಸ್ ವಾಸನೆ.

"ಹೊಸಾದ ತಗೊಂಡುಬಿಡೋಣು" ಎಂದೆ ಗಂಭೀರವಾಗಿ.

"ಹೊಸಾದು ಬ್ಯಾಡ. ಉರಿ ಆರದಂಗ ಮಾಡಸ್ರಿ, ಅಷ್ಟ ಸಾಕು."

"ಅಷ್ಟ ಅಂದ್ರ?"

"ಅಷ್ಟ ಅಂದ್ರ ಅಷ್ಟರಿ. ಬ್ಯಾರೆ ಏನೂ ಮುಟ್ಟಬಾರದು."

ಮೆಕ್ಯಾನಿಕ್ ದಾದಾಪೀರ ಹಲಗೇರಿ ರಸ್ತೆಯಿಂದ ಬಂದ. ನೋಡಿ, ಗ್ಯಾಸ್ ಬಿಡುವ ಕಾಕ್ ಸವೆದಿದೆ, ಅದನ್ನು ಬದಲಿಸಿದರೆ ಸಾಕು, ಹದಿನೆಂಟು ನೂರು ಆಗುತ್ತದೆ ಎಂದ. ನಾನು ಅರ್ಧಕ್ಕೆ ಕೇಳಿದೆ. ಅವನು ನಕ್ಕ. ಮೊದಲಿನ ಗೆಳೆತನ ನೆನಪಿಸಿದೆ. ನಮ್ಮಿಬ್ಬರ ಭೇಟಿ ಅದೇ ಮೊದಲು ಎಂದು ಅವನು ನೆನಪಿಸಿದ. ಚಹಾ ಕುಡಿಸಿದೆ. ಕುಡಿದ. ಬೆಲೆ ಅಲ್ಲೇ ನಿಂತಿತ್ತು.

ಕಸ್ತೂರಿ ಬೇರೇನೂ ಮುಟ್ಟಬೇಡವೆಂದು ಅವನಿಗೂ ಹೇಳಿ, ಹಿಟ್ಟು ಬೀಸಿಸಿಕೊಂಡು ಬರಲು ಗಿರಣಿಗೆ ಹೋದಳು. ನಾನು ಕೊನೆಯ ಅಸ್ತ್ರ ತೆಗೆದೆ.

"ಆತಪಾ ದಾದಾಪೀರ, ನಿನ್ನ ಮಾತ ಆಗಲಿ. ಆದ್ರ ಹೆಂಗೂ ಬಿಚ್ಚೀದಿ. ಎಡಗಡೆ ಉರಿ ಸಣ್ಣದು ಬರತೈತಿ, ಅದನ್ನೂ ಸರಿ ಮಾಡಿಬಿಡು. ಕೊಸರು ಅಂತ ತಿಳಕೊ."

"ಅಕ್ಕಾರು ಬ್ಯಾರೆ ಏನೂ ಮುಟ್ಟಬ್ಯಾಡ ಅಂದಿದ್ರಲ್ರಿ?"

"ಅಕ್ಕಾರಿಗೆ ರೊಕ್ಕ ಹೆಚ್ಚಾದೀತು ಅಂತ ಅಂಜಿಕಿ. ನೀ ಮಾಡು."

ಪಾಪ, ದಾದಾಪೀರ ಪ್ರಾಮಾಣಿಕ ಮನುಷ್ಯ. ಎಡಗಡೆಯ ಬರ್ನರ್ ಕಳಚಿ, ಮುಚ್ಚಿದ್ದ ತೂತುಗಳನ್ನೆಲ್ಲ ತಂತಿಯಿಂದ ಚುಚ್ಚಿ, ಬ್ರಷ್ ಹಾಕಿ ತಿಕ್ಕಿ ಮೊದಲಿನಂತೆ ಕೂಡಿಸಿದ. ಹಚ್ಚಿ ನೋಡಿದರೆ ಎರಡೂ ಕಡೆ ನೀಲಿ ಉರಿ ಸಾಲುಹಿಡಿದು ನಿಂತಿತು. ಆ ಕ್ಷಣದಲ್ಲಿ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗೆ ಕಷ್ಟವಾಯಿತು.

ಕಸ್ತೂರಿ ಬಂದು ಮೊದಲ ತಟ್ಟೆ ಬೇಯಿಸಿದಳು. ಹೊರಗೆ ಎಳೆದಳು. ಈ ಕೊನೆಯಿಂದ ಆ ಕೊನೆಯವರೆಗೆ ಎಲ್ಲ ಬಿಸ್ಕತ್ತೂ ಒಂದೇ ಕೆಂಪು.

"ಬಿಳೇವು ಎಲ್ಲೆದಾವ್ರಿ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಹೆಮ್ಮೆಯಿಂದ ಕೊಸರಿನ ಕಥೆಯನ್ನು ಪೂರ್ತಿ ಹೇಳಿದೆ. ಅವಳು ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮುಂದಿನ ತಟ್ಟೆಗೆ ಹಿಟ್ಟು ತಟ್ಟತೊಡಗಿದಳು.

"ಲಗೂ ಹೊರಗ ತಗೀ, ಬೆಳ್ಳಗಾಗತಾವ" ಎಂದು ಸಲಹೆ ಕೊಟ್ಟೆ.

ತೆಗೆದಳು. ಬೆಳ್ಳಗೆ ಕಂಡವು, ಒಳಗೆ ಹಸಿ. ರುಚಿ ನೋಡುವ ಶಿಕ್ಷೆ ನನ್ನದಾಯಿತು. ಉರಿ ಸಣ್ಣಗೆ ಮಾಡಿದರೆ ಬಿಸ್ಕತ್ತು ಚಪ್ಪಟೆಯಾಗಿ ಹರಡಿಕೊಂಡಿತು. ಎಡಗಡೆಯ ಆ ಮಂದ ಉರಿಯಲ್ಲಿ, ಬಲಗಡೆಯ ಕಾವು ಹಿಡಿದು ನಿಧಾನವಾಗಿ ಬೇಯುತ್ತಿದ್ದ ಅಜ್ಜಿಯ ಬಿಸ್ಕತ್ತು ಇನ್ನು ಹೇಗೂ ಬರುವಂತಿರಲಿಲ್ಲ.

ಅಷ್ಟರಲ್ಲಿ ಗಂಗಕ್ಕ ಬಂದಳು. "ಕಸ್ತೂರಿ, ನಮ್ಮತ್ತಿ ಮೇಡ್ಲೇರಿಯಿಂದ ಹೊಂಟಾಳ. ಬಿಳೇವು ಜಾಸ್ತಿ ಇರಲಿ ಅಂದಾಳವಾ. ಅಕಿ ವಾರಿಗಿ ಅಜ್ಜಿಗೋಳು ಒಂದು ಟ್ರಾಕ್ಸ್ ಗಾಡಿ ತುಂಬ ಬರಾಕತ್ತಾರ."

ಕಸ್ತೂರಿ "ಹೂನ್ರಿ ಅಕ್ಕಾ" ಎಂದಳು. ದನಿ ಸಣ್ಣದಾಗಿತ್ತು.

ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ. ಹೊರಗಿನಿಂದಲೇ ಕಸ್ತೂರಿಗೆ ಕೂಗಿ ಹೇಳಿ, ಹಾವೇರಿಯಲ್ಲಿ ಓವನ್ ಮಾರುವ ದೊಡ್ಡ ಅಂಗಡಿಗೆ ಹೋದೆ. ಮಾಲೀಕ ಫಳಫಳ ಹೊಳೆಯುವ ಸ್ಟೀಲಿನ ಓವನ್ ತೋರಿಸಿದ.

"ನಾಕೂ ಕಡೆ ಒಂದ ಸಮ ಕಾಯತೈತ್ರಿ ಸಾಹುಕಾರ್ರ."

"ಅದ ಬ್ಯಾಡ. ಒಂದು ಕಡೆ ಕಡಿಮಿ ಕಾಯೋದು ತೋರಸ್ರಿ."

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಇದು ಯಾವುದೋ ಹೊಸ ನಮೂನೆಯ ಚೌಕಾಸಿ ಎಂದುಕೊಂಡಿರಬೇಕು. ಬೆಲೆ ಇಳಿಸಿದ.

"ರೊಕ್ಕದ ಮಾತಲ್ಲರಿ. ಎಡಗಡೆ ಸ್ವಲ್ಪ ಕೆಟ್ಟಿರಬೇಕು."

ಮತ್ತೆ ಇಳಿಸಿದ. ನಾನು ಬಾಯಿ ತೆರೆದಾಗಲೆಲ್ಲ ಬೆಲೆ ಇಳಿಯುತ್ತಿತ್ತು. ಜೀವಮಾನವಿಡೀ ಇಂಥ ದಿನಕ್ಕಾಗಿ ಕಾದವನು ನಾನು. ಕಣ್ಣ ಮುಂದೆ ಇಳಿಯುತ್ತಿರುವ ಬೆಲೆಯನ್ನು ಬಿಟ್ಟು ಎದ್ದುಬರುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಕೊನೆಗೆ ಅವನು ಬಿಸಿ ತಟ್ಟೆ ಹಿಡಿಯುವ ದಪ್ಪನೆಯ ಕೈಗವಸುಗಳನ್ನು ಮೇಜಿನ ಮೇಲಿಟ್ಟು, "ಇದು ಕೊಸರು" ಎಂದ. ನನ್ನ ಕೈ ತಾನಾಗಿ ಕಿಸೆಗೆ ಹೋಯಿತು.

ಆಗ ಫೋನ್ ಬಂತು. ಕಸ್ತೂರಿ.

"ಅಲ್ಲಿ ಏನೂ ತಗೋಬ್ಯಾಡ್ರಿ. ತಂದ್ರ ನೀವೂ ಅದೂ ಕಟ್ಟೀ ಮ್ಯಾಲ ಮಲಗ್ರಿ."

ಓವನ್ ಬಿಟ್ಟೆ. ಆದರೆ ಕೈಗವಸು ಕೈಯಲ್ಲೇ ಉಳಿದಿತ್ತು, ಕೆಳಗಿಡಲು ಮನಸ್ಸು ಬರಲಿಲ್ಲ. ಹೀಗೆ ಮಾಲು ಬಿಟ್ಟು, ಅದರ ಕೊಸರನ್ನು ಪೂರ್ತಿ ದುಡ್ಡು ಕೊಟ್ಟು ಕೊಂಡ ಮೊದಲ ವ್ಯಾಪಾರಿ ನಾನೇ ಇರಬೇಕು.

ಬಸ್ ಸ್ಟ್ಯಾಂಡಿನಿಂದ ಮನೆಗೆ ಹೋಗದೆ ನೇರ ದಾದಾಪೀರನ ಹತ್ತಿರ ಹೋದೆ.

"ಕೊಸರು ವಾಪಸ್ ತಗೋಪಾ."

"ಅಂದ್ರ ಕೆಡಸಬೇಕಂತೀರೇನ್ರಿ?"

"ಮೊದಲಿನಂಗ ಮಾಡು ಅಂತೇನಿ."

"ಮೊದಲ ಹೆಂಗ ಕೆಟ್ಟಿತ್ತು ಅಂತ ನನಗೇನ ಗೊತ್ತರಿ? ಸರಿ ಮಾಡೋದು ಕಲತೇನಿ, ಕೆಡಸೋದು ಕಲತಿಲ್ಲ. ರೊಕ್ಕ ಜಾಸ್ತಿ ಆಗತೈತಿ."

ಅಂದು ನಾನು ಚೌಕಾಸಿ ಮಾಡಲಿಲ್ಲ. ಅದನ್ನು ಕಂಡು ದಾದಾಪೀರ, "ಮೈಯಾಗ ಆರಾಮ ಐತಿಲ್ರಿ?" ಎಂದು ವಿಚಾರಿಸಿದ.

ಮನೆಗೆ ಬಂದು ಎಡಗಡೆಯ ತೂತುಗಳಲ್ಲಿ ಕೆಲವನ್ನು ಮುಚ್ಚಿದ. ಆಗ ನಡುವಿನ ಬಿಸ್ಕತ್ತು ಇದ್ದಿಲಾಯಿತು, ಸುತ್ತಲಿನದು ಹಸಿ ಉಳಿಯಿತು. ಬೇರೆ ಕೆಲವನ್ನು ಮುಚ್ಚಿದ. ಮುಂದಿನ ಸಾಲು ಕೆಂಪಾಯಿತು, ಹಿಂದಿನದು ಕಪ್ಪಾಯಿತು. ನಾನು ಪಕ್ಕದಲ್ಲೇ ನಿಂತು ಯಾವ ತೂತು ಮುಚ್ಚಬೇಕೆಂದು ಸಲಹೆ ಕೊಡುತ್ತಿದ್ದೆ. ಓಣಿಯ ನಾಯಿಗಳಿಗೆ ಅಂದು ಹಬ್ಬ. ಕೊನೆಕೊನೆಗೆ ಅವೂ ಬರುವುದನ್ನು ಬಿಟ್ಟವು.

ಕುಬುಸದ ಹಿಂದಿನ ದಿನ ಮಧ್ಯಾಹ್ನ ಕಸ್ತೂರಿ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ದಾದಾಪೀರಣ್ಣ, ಎಲ್ಲಾ ತೂತು ತಗದು ಛಲೋತ್ನಂಗ ಮಾಡಿಬಿಡು. ರೀ, ನೀವು ಹೊರಗ ನಡೀರಿ."

"ನಾ ಇಲ್ಲಿ ನಿಂತ್ರ ಏನ..."

"ಹೊರಗ."

ಹಿತ್ತಲಿಗೆ ಹೋದಳು. ಮಾಡಿನಿಂದ ಬಿದ್ದು ಒಡೆದ ಹಂಚಿನ ತುಂಡುಗಳನ್ನು ತಂದು, ತೊಳೆದು, ಒಣಗಿಸಿ, ಓವನ್ನಿನ ಎಡಗಡೆ ಉರಿಗೂ ತಟ್ಟೆಗೂ ನಡುವೆ ಜೋಡಿಸಿದಳು. ನಾನು ಕಿಟಕಿಯಿಂದ ಇಣುಕುತ್ತಿದ್ದೆ. ಮೊದಲ ತಟ್ಟೆ ಹೊರಬಂತು: ಬಲಗಡೆ ಕೆಂಪು, ಎಡಗಡೆ ಬಿಳುಪು. ಕಸ್ತೂರಿ ಒಂದು ಬಿಳಿಯದನ್ನು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾಲ್ಕೈದು ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡೆ. ಅದು ನನಗಾಗಿ ಅಲ್ಲ, ಹಂಚಿಗಾಗಿ. ಆದರೂ ಜೀವಕ್ಕೆ ಹಾಯೆನಿಸಿತು.

ಕುಬುಸದಲ್ಲಿ ಮೇಡ್ಲೇರಿ ಅಜ್ಜಿ ಒಂದು ಬಿಸ್ಕತ್ತನ್ನು ವಸಡಿನ ನಡುವೆ ಇಟ್ಟುಕೊಂಡು ಬಹಳ ಹೊತ್ತು ವಿಚಾರಣೆ ನಡೆಸಿದಳು.

"ಛಲೋ ಐತಿ. ಹೊಸಾ ಓವನ್ ತಂದೀಯೇನಬೇ?"

"ಇಲ್ಲಬೇ ಅಜ್ಜಿ, ಹಳೇದ" ಎಂದಳು ಕಸ್ತೂರಿ, ನನ್ನ ಕಡೆ ನೋಡುತ್ತ. "ನಮ್ಮನ್ಯಾಗ ಹಳೇವೆಲ್ಲ ಒಂದು ಕಡೆ ಸ್ವಲ್ಪ ಕಡಿಮಿ ಕಾಯತಾವು. ಹಂಗಂತ ಬದಲಿ ಮಾಡಾಕ ಬರತೈತೇನು?"

ಅಜ್ಜಿಯರ ಟ್ರಾಕ್ಸ್ ಪೂರ್ತಿ ನಕ್ಕಿತು. ಎಲ್ಲರೂ ಊಟಕ್ಕೆ ಎದ್ದಾಗ ಗಂಗಕ್ಕ ದುಡ್ಡು ಎಣಿಸಿ ಕೊಟ್ಟು, "ಕೊಸರು ಏನೂ ಇಲ್ಲೇನವಾ?" ಎಂದಳು. ಕಸ್ತೂರಿ ಡಬ್ಬಿಯ ತಳದಲ್ಲಿ ನನಗೆಂದು ಎತ್ತಿಟ್ಟಿದ್ದ ಕೆಂಪು ಬಿಸ್ಕತ್ತುಗಳನ್ನು ತೆಗೆದು ಅವಳ ಸೆರಗಿಗೆ ಹಾಕಿದಳು.

ಓದುಗರೇ, ಕೇಳದಿದ್ದರೂ ಸಲಹೆ ಕೊಡುವುದು ನನ್ನ ಅಭ್ಯಾಸ. ಹಳೆಯ ಓವನ್ ಕೆಟ್ಟರೆ ರಿಪೇರಿಯೋ ಹೊಸದೋ ಎಂದು ನನ್ನಂಥವರನ್ನು ಕೇಳಬೇಡಿ, ಅದರ ಮುಂದೆ ದಿನವೂ ನಿಲ್ಲುವವರನ್ನು ಕೇಳಿ. ಏನು ಕೆಟ್ಟಿದೆ ಎನ್ನುವುದರ ಜೊತೆಗೆ ಏನು ಕೆಟ್ಟಿದ್ದರೂ ಬೇಕು ಎನ್ನುವುದನ್ನೂ ಕೇಳಿಕೊಳ್ಳಿ. ಗ್ಯಾಸ್ ವಾಸನೆ ಬಂದರೆ ಮಾತ್ರ ಚೌಕಾಸಿ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ. ಅವನು ಒಪ್ಪಿದ ಕೆಲಸ ಮುಗಿಸಿದ ಕೂಡಲೇ ದುಡ್ಡು ಕೊಟ್ಟು, ಬಾಯಿ ಮುಚ್ಚಿಕೊಂಡು ಕಳಿಸಿ. ಒಡೆದ ಹಂಚನ್ನು ಎಸೆಯಬೇಡಿ.

ಇನ್ನೊಂದು ಮಾತು. ಓವನ್ನಿಗೆ ಬೇಕಾದ ದಪ್ಪನೆಯ ಕೈಗವಸು ಒಂದು ಜೊತೆ ನಮ್ಮಲ್ಲಿದೆ. ಹೊಚ್ಚ ಹೊಸದು, ಕಸ್ತೂರಿ ಹಳೆ ಬಟ್ಟೆಯಲ್ಲೇ ತಟ್ಟೆ ಹಿಡಿಯುತ್ತಾಳೆ. ಬೇಕಾದವರು ಬನ್ನಿ, ಕೂತು ಬೆಲೆ ಮಾತಾಡೋಣ. ಕೊಸರು ಮಾತ್ರ ಕೇಳಬೇಡಿ.