ಲವ್‌ನಿಂದ ವೈಫ್‌ಗೆ ಮೂರೇ ಮೆಟ್ಟಿಲು ಎಂದವರಿಗೆ

ಮಾನ್ಯ ಜೋಡಿಯೇಣಿಯವರೇ,

ಕೆಂಪು ಸಮುದ್ರದ ದಡದಲ್ಲಿರುವ ರಾಬಿಗ್‌ನಿಂದ ತಮಗೂ, ತಮ್ಮ ಕಂಪನಿಯ ಸಕಲ ಸಿಬ್ಬಂದಿಗೂ, ತಮ್ಮ ಆ್ಯಪಿನೊಳಗೆ ಸದಾ ಮಿಡಿಯುತ್ತಿರುವ ಗುಲಾಬಿ ಬಣ್ಣದ ಹೃದಯಕ್ಕೂ, ಅದರ ಪಕ್ಕದಲ್ಲಿ ನೆಟ್ಟಗೆ ನಿಂತಿರುವ ಪ್ರೇಮ ಥರ್ಮಾಮೀಟರಿಗೂ ಬೇರೆ ಬೇರೆಯಾಗಿ ಸಲಾಮು ಹೇಳಿ ಈ ಪತ್ರ ಆರಂಭಿಸುತ್ತೇನೆ. ತಮ್ಮ ಆ್ಯಪಿಗೆ ಇಂಗ್ಲಿಷಿನಲ್ಲಿ ಬಹಳ ಉದ್ದದ ಹೆಸರಿದೆ. ನಮ್ಮ ಕ್ಯಾಂಪಿನಲ್ಲಿ ಅದನ್ನು ಜೋಡಿಯೇಣಿ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆದಿದ್ದೇನೆ, ಮನ್ನಿಸಬೇಕು. ತಮ್ಮ ವಿಳಾಸ ಎಲ್ಲಿ ಹುಡುಕಿದರೂ ಸಿಗದ ಕಾರಣ, ಸಹಾಯ ಎಂಬ ಗುಂಡಿ ಒತ್ತಿದರೆ ‘ಈ ಸಹಾಯದಿಂದ ತಮಗೆ ಸಹಾಯವಾಯಿತೇ’ ಎಂದಷ್ಟೇ ಕೇಳುವ ಕಾರಣ, ನನ್ನ ಮನೆಯ ವಿಷಯವನ್ನು ಹೀಗೆ ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ.

ನನ್ನ ಹೆಸರು ಅಬ್ದುಲ್ ಲತೀಫ್, ಊರು ವಿಟ್ಲ, ಕೆಲಸ ಇಲ್ಲಿಯ ಒಂದು ಗುತ್ತಿಗೆ ಕಂಪನಿಯಲ್ಲಿ ಸ್ಕ್ಯಾಫೋಲ್ಡಿಂಗ್ ಇನ್ಸ್‌ಪೆಕ್ಟರ್. ದೊಡ್ಡ ದೊಡ್ಡ ಟ್ಯಾಂಕುಗಳ ಸುತ್ತ ಕಬ್ಬಿಣದ ಪೈಪು ಬಿಗಿದು ಅಟ್ಟಣಿಗೆ ನಿಲ್ಲಿಸುತ್ತಾರಲ್ಲ, ಅದು ಗಟ್ಟಿಯಾಗಿದೆಯೇ ಎಂದು ನೋಡಿ ಹಸಿರು ಟ್ಯಾಗ್ ನೇತುಹಾಕುವವನು ನಾನು. ನನ್ನ ಟ್ಯಾಗ್ ಇಲ್ಲದೆ ಯಾರೂ ಏಣಿಯ ಮೇಲೆ ಕಾಲಿಡುವಂತಿಲ್ಲ, ಕಂಪನಿಯ ದೊಡ್ಡ ಮ್ಯಾನೇಜರ್ ಕೂಡ. ಒಂಬತ್ತು ವರ್ಷಗಳಿಂದ ಏಣಿಗಳನ್ನೇ ನೋಡಿಕೊಂಡು ಬಂದವನಿಗೆ ತಮ್ಮ ಏಣಿ ಮಾತ್ರ ಅರ್ಥವಾಗಲಿಲ್ಲವೆಂದರೆ ಅದು ನನ್ನದೇ ಕೊರತೆ ಇರಬೇಕು.

ಕಳೆದ ರಜೆಯಲ್ಲಿ ವಿಟ್ಲದ ಮಸೀದಿಯಲ್ಲಿ ನನ್ನ ನಿಕಾಹ್ ಆಯಿತು. ಹುಡುಗಿ ಶಮೀನಾ. ಮೂಲ ನಮ್ಮ ಕಡೆಯೇ ಆದರೂ ಬೆಳೆದದ್ದು ದಮ್ಮಾಮ್‌ನಲ್ಲಿ, ಓದಿದ್ದು ಅಲ್ಲಿಯ ಇಂಡಿಯನ್ ಶಾಲೆಯಲ್ಲಿ. ಅವಳ ತಂದೆ ಮಹಮ್ಮದ್ ಕುಂಞಿಯವರು ಇಪ್ಪತ್ತೈದು ವರ್ಷಗಳಿಂದ ಅಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದಾರೆ. ತಮ್ಮಂಥ ದೊಡ್ಡವರಿಗೆ ಗೊತ್ತಿರಲಾರದು, ನಮ್ಮಲ್ಲಿ ನಿಕಾಹ್ ಬೇರೆ, ಮದುವೆ ಬೇರೆ. ನಿಕಾಹ್ ಆದರೆ ಧರ್ಮದ ಪ್ರಕಾರ ಗಂಡ ಹೆಂಡತಿಯೇ ಸರಿ. ಆದರೆ ಮದುವೆಯ ದಿನ ಊರಿಗೆಲ್ಲ ಊಟ ಹಾಕಿ ಮನೆಗೆ ಕರೆತರುವವರೆಗೆ ಅವಳು ತಂದೆಯ ಮನೆಯ ಹುಡುಗಿ. ನಮ್ಮ ಮದುವೆ ನನ್ನ ಮುಂದಿನ ರಜೆಗೆ, ಅಂದರೆ ಹತ್ತು ತಿಂಗಳ ಆಚೆಗೆ ನಿಗದಿಯಾಯಿತು. ಅಲ್ಲಿಯವರೆಗೆ ನಾನು ಒಂದು ಸಮುದ್ರದ ದಡದಲ್ಲಿ, ಅವಳು ಇನ್ನೊಂದು ಸಮುದ್ರದ ದಡದಲ್ಲಿ, ನಡುವೆ ಸಾವಿರದ ನಾನೂರು ಕಿಲೋಮೀಟರ್ ದಾರಿ. ಮಾವ ಹಳೆಯ ಕಾಲದವರು. ಅವರು ಅನುಮತಿಸಿದ್ದು ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಹದಿನೈದು ನಿಮಿಷದ ಫೋನು, ಅದೂ ಅತ್ತೆ ಬದಿಯಲ್ಲಿ ಕೂತಿರುವಾಗ. ಆ ಹದಿನೈದು ನಿಮಿಷದಲ್ಲಿ ನಾನು ಊಟ ಆಯಿತಾ ಎಂದು ಮೂರು ಸಲ ಕೇಳುತ್ತಿದ್ದೆ, ಅವಳು ಆಯಿತು ಎಂದು ಮೂರು ಸಲ ಹೇಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ಒದಗಿ ಬಂದವರು ತಾವು. ದೂರದಲ್ಲಿರುವ ಜೋಡಿಗಳು ದಿನಕ್ಕೊಂದು ಪ್ರೇಮದ ಪದ-ಏಣಿ ಹತ್ತಿ ಪರಸ್ಪರರನ್ನು ಅರಿಯಬಹುದೆಂಬ ತಮ್ಮ ಜಾಹೀರಾತನ್ನು ಶಮೀನಾ ನೋಡಿದಳು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇಂಗ್ಲಿಷ್ ಪ್ರಾಕ್ಟೀಸ್ ಅಲ್ಲವಾ, ಅದು ಆಗಬಹುದು’ ಎಂದು ಒಪ್ಪಿಗೆ ಕೊಟ್ಟರು. ಒಂದು ಇಂಗ್ಲಿಷ್ ಪದದಲ್ಲಿ ಮೆಟ್ಟಿಲಿಗೆ ಒಂದೇ ಅಕ್ಷರ ಬದಲಿಸುತ್ತ, ಪ್ರತಿ ಮೆಟ್ಟಿಲಲ್ಲೂ ಅರ್ಥವಿರುವ ಪದವನ್ನೇ ಇಡುತ್ತ ಇನ್ನೊಂದು ಪದವನ್ನು ತಲುಪಬೇಕು. ಮೊದಲ ದಿನದ ಏಣಿ ನನಗೆ ಬಾಯಿಪಾಠ ಬರುತ್ತದೆ: ಲವ್, ಲಿವ್, ಲೈಫ್, ವೈಫ್. ಎಷ್ಟು ಸಲೀಸು! ಪ್ರೀತಿಯಿಂದ ಹೆಂಡತಿಗೆ ಮೂರೇ ಹೆಜ್ಜೆ. ಹೆಂಡತಿಯನ್ನು ನನ್ನ ಹೆಸರಿಗೆ ಬರೆಸಿಕೊಳ್ಳಲು ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಹುದ್ದೆಯ ಹೆಸರು ಬದಲಾಗಬೇಕು, ಕಫೀಲನ, ಅಂದರೆ ಇಲ್ಲಿಯ ಧಣಿಯ ಪತ್ರ ಬೇಕು, ಸರ್ಟಿಫಿಕೇಟಿಗೆ ಮೂರು ಊರಿನ ಮೊಹರು ಬೇಕು ಎಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ ನನಗೆ ತಮ್ಮ ಈ ಸಂಶೋಧನೆಯಿಂದ ಆದ ಆನಂದ ಅಷ್ಟಿಷ್ಟಲ್ಲ. ಇನ್ನೊಂದು ದಿನ ಗುಲಾಬಿಯಿಂದ ಪ್ರೀತಿಗೆ ಹತ್ತಲು ಹೇಳಿದಿರಿ. ರೋಸ್‌ಗೂ ಲವ್‌ಗೂ ನಡುವಿನ ಮೆಟ್ಟಿಲಲ್ಲಿ ಕಳೆದುಕೊಳ್ಳುವುದು ಎಂಬರ್ಥದ ಲೂಸ್ ಇತ್ತು. ಅದನ್ನು ನಾನು ಎಚ್ಚರಿಕೆಯೆಂದು ತಿಳಿಯಬೇಕಿತ್ತು. ಸುಳಿವುಗಳಂತೂ ಒಂದಕ್ಕಿಂತ ಒಂದು ಸೊಗಸು: ಮೋಂಬತ್ತಿಯ ಬೆಳಕಿನಲ್ಲಿ ಊಟ, ಮಳೆಯಲ್ಲಿ ಒಂದೇ ಕೊಡೆ, ಕಡಲ ತೀರದಲ್ಲಿ ಕೈ ಹಿಡಿದು ನಡಿಗೆ. ನಮ್ಮ ಮೆಸ್ಸಿನಲ್ಲಿ ನಾಲ್ಕು ನೂರು ಜನ ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ಉಣ್ಣುತ್ತೇವೆ, ಕಡಲ ತೀರ ಬೇಲಿಯ ಆಚೆಗಿದೆ, ಮಳೆಯ ವಿಷಯ ಬಿಡಿ.

ಇನ್ನು ನನ್ನ ತಪ್ಪನ್ನೂ ಮುಚ್ಚಿಡದೆ ಹೇಳುತ್ತೇನೆ. ನಾನು ಕನ್ನಡ ಶಾಲೆಯಲ್ಲಿ ಓದಿದವನು. ಏಣಿಯ ಮೊದಲ ಮೆಟ್ಟಿಲಲ್ಲೇ ಬೆವರಿ ನಿಂತಾಗ ನೆರವಿಗೆ ಬಂದವನು ನನ್ನ ರೂಮಿನ ಗೆಳೆಯ, ಕುಂದಾಪುರದ ಅಕ್ಷಯ್. ಅವನು ಸೇಫ್ಟಿ ಆಫೀಸರ್, ಇಂಗ್ಲಿಷಿನಲ್ಲಿ ಗಟ್ಟಿಗ. ‘ಹ್ವಾಯ್, ಇಷ್ಟ್ ಸುಲಭದ್ದಕ್ಕೂ ತಲೆ ಕೆಡ್ಸ್ಕಂಬುದಾ?’ ಎಂದು ಫೋನು ಕಸಿದುಕೊಂಡು ಎರಡು ನಿಮಿಷದಲ್ಲಿ ತುದಿ ಮುಟ್ಟಿಸಿದ. ನಮ್ಮಲ್ಲಿ ಯಾವ ಕೆಲಸವನ್ನೂ ಒಬ್ಬನೇ ಮಾಡುವ ಕ್ರಮವಿಲ್ಲ. ಒಬ್ಬ ಬರೆಯಬೇಕು, ಒಬ್ಬ ಪರಿಶೀಲಿಸಬೇಕು, ಒಬ್ಬ ಸಹಿ ಹಾಕಬೇಕು. ಆ ಅಭ್ಯಾಸದಲ್ಲಿ ನನ್ನ ಪ್ರೇಮವೂ ದಿನಾ ಸಂಜೆ ಚಹಾದ ಹೊತ್ತಿಗೆ ನಮ್ಮ ರೂಮಿನ ನಾಲ್ಕೂ ಜನರ ಕೈ ದಾಟಿ ದಮ್ಮಾಮ್‌ಗೆ ಹೋಗತೊಡಗಿತು. ಉತ್ತರದ ಕೆಳಗೆ ‘ಪ್ರಿಯರಿಗೆ ಒಂದು ಸಾಲು’ ಎಂಬ ಜಾಗವಿದೆಯಲ್ಲ, ಅದನ್ನೂ ಅಕ್ಷಯನೇ ಇಂಗ್ಲಿಷಿನಲ್ಲಿ ತುಂಬುತ್ತಿದ್ದ. ಹತ್ತು ವರ್ಷ ಸುರಕ್ಷತೆಯ ಸುತ್ತೋಲೆ ಬರೆದ ಕೈ ಅದು. ‘ನಿನ್ನ ಕಣ್ಣುಗಳೇ ನನ್ನ ಅಸೆಂಬ್ಲಿ ಪಾಯಿಂಟ್’ ಎಂದು ಬರೆದಾಗ, ಬೆಂಕಿ ಬಿದ್ದರೆ ಓಡಿಹೋಗಿ ಎಲ್ಲರೂ ಗುಂಪಾಗಿ ನಿಲ್ಲುವ ಜಾಗಕ್ಕೆ ಹುಡುಗಿಯ ಕಣ್ಣನ್ನು ಹೋಲಿಸಬಹುದೇ ಎಂದು ನಾನು ಕೇಳಿದೆ. ಉಳಿದ ಮೂವರು ಹೋಲಿಸಬಹುದು ಎಂದು ತೀರ್ಮಾನಿಸಿದರು. ತಮ್ಮ ಥರ್ಮಾಮೀಟರ್ ತೊಂಬತ್ತೇಳಕ್ಕೆ ಏರಿತು. ಇಬ್ಬರ ಮನಸ್ಸೂ ಒಂದೇ ರೀತಿ ಓಡುತ್ತದೆ ಎಂದು ಸರ್ಟಿಫಿಕೇಟ್ ಕಳುಹಿಸಿದಿರಿ. ಕ್ಯಾಂಪಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ಒಳಗೊಳಗೇ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಶಟ್‌ಡೌನ್ ಬಂತು. ಇಡೀ ಘಟಕವನ್ನು ನಿಲ್ಲಿಸಿ ಒಂದು ತಿಂಗಳು ರಿಪೇರಿ ಮಾಡುವ ಕೆಲಸವದು. ಬೆಳಗ್ಗೆ ಆರರಿಂದ ಸಂಜೆ ಆರು, ಶುಕ್ರವಾರವೂ ರಜೆಯಿಲ್ಲ, ಕಿಡಿ ಹಾರುವ ಭಯಕ್ಕೆ ಫೋನನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟೇ ಒಳಗೆ ಹೋಗಬೇಕು. ವಾರದ ಹದಿನೈದು ನಿಮಿಷವೂ ಹೋಯಿತು. ಅಕ್ಷಯನನ್ನು ಕಂಪನಿ ಯಾಂಬುವಿಗೆ ಕಳುಹಿಸಿತು. ಅವನಿಗೆ ಫೋನು ಮಾಡಿ ಉತ್ತರ ಕೇಳಬಹುದಿತ್ತು, ನನಗೇ ನಾಚಿಕೆಯಾಯಿತು. ಹಾಗಾಗಿ ಸಂಜೆ ಬಸ್ಸು ಬರುವ ಮೊದಲು ಗೇಟಿನ ಬೆಂಚಿನ ಮೇಲೆ ಕೂತು, ಏಣಿಯನ್ನು ಖಾಲಿ ಬಿಟ್ಟು, ‘ಪ್ರಿಯರಿಗೆ ಒಂದು ಸಾಲು’ ಎಂಬಲ್ಲಿ ನನಗೆ ತೋಚಿದ್ದನ್ನು ಬರೆದೆ. ಬ್ಯಾರಿ ಮಾತು, ಕನ್ನಡ ಅಕ್ಷರ; ನಾವು ಬರೆಯುವುದೇ ಹಾಗೆ. ತಾವು ಪ್ರತಿದಿನವೂ ತಪ್ಪದೆ ‘ಗುರುತಿಸಲಾಗದ ಅಕ್ಷರಗಳು, ಅಂಕ ಸೊನ್ನೆ’ ಎಂದು ಉತ್ತರಿಸಿದಿರಿ. ಮೂವತ್ತು ದಿನಕ್ಕೆ ಮೂವತ್ತು ಸೊನ್ನೆ. ಇಲ್ಲಿ ಹೊರಗೆ ನಲವತ್ತಾರು ಡಿಗ್ರಿ ಇರುವಾಗ ತಮ್ಮ ಥರ್ಮಾಮೀಟರ್ ನನ್ನ ಪ್ರೀತಿಯನ್ನು ಹನ್ನೆರಡಕ್ಕೆ ಇಳಿಸಿತು, ಆ ನಿಖರತೆಗೆ ನಾನು ತಲೆಬಾಗಲೇಬೇಕು.

ಅಷ್ಟಕ್ಕೇ ತಾವು ಸುಮ್ಮನಾಗಲಿಲ್ಲ. ಅಂಕ ಕುಸಿದದ್ದೇಕೆ ಎಂದು ಕಾಳಜಿಯಿಂದ ನಮ್ಮಿಬ್ಬರ ಅರ್ಜಿಗಳನ್ನು ತೆಗೆದು ನೋಡಿದಿರಿ. ಸೇರುವಾಗ ತಾವು ಕೊಟ್ಟಿದ್ದ ಮನೆಗಳು ಮೂರೇ: ಅವಿವಾಹಿತ, ನಿಶ್ಚಿತಾರ್ಥ, ವಿವಾಹಿತ. ನಿಕಾಹ್ ಆಗಿದೆಯಲ್ಲ ಎಂದು ನಾನು ವಿವಾಹಿತ ಎಂದು ಬರೆದಿದ್ದೆ. ಇನ್ನೂ ತಂದೆಯ ಮನೆಯಲ್ಲಿದ್ದೇನಲ್ಲ ಎಂದು ಅವಳು ನಿಶ್ಚಿತಾರ್ಥ ಎಂದು ಬರೆದಿದ್ದಳು. ಇಬ್ಬರೂ ಬರೆದದ್ದು ಸತ್ಯವೇ. ತಾವು ಎರಡನ್ನೂ ಜೋಡಿಸಿ ಅವಳಿಗೆ ಕೆಂಪಕ್ಷರದಲ್ಲಿ ಕಳುಹಿಸಿದಿರಿ: ‘ಎಚ್ಚರಿಕೆ. ನಿಮ್ಮ ಸಂಗಾತಿಯ ನಡವಳಿಕೆ ಬದಲಾಗಿದೆ. ಅವರು ಈಗಾಗಲೇ ವಿವಾಹಿತರು. ಈ ಜೋಡಿಯನ್ನು ಕೊನೆಗೊಳಿಸಬೇಕೇ?’

ಶಟ್‌ಡೌನ್ ಮುಗಿದು ಕೊನೆಯ ಸಾಲು ಬರೆದ ಮರುದಿನ ಸಂಜೆ ಗೇಟಿಗೆ ಬಂದು ಫೋನು ತೆಗೆದರೆ ಮಾವನ ಒಂಬತ್ತು ಕರೆಗಳಿದ್ದವು. ‘ಮೋನೇ, ನಾನು ಸುತ್ತಿ ಬಳಸಿ ಮಾತಾಡುವವನಲ್ಲ. ನಿನಗೆ ಮೊದಲೇ ಒಂದು ಆಗಿದೆಯಂತಲ್ಲ, ಅದು ಎಲ್ಲಿಯ ಹುಡುಗಿ?’ ಎಂದರು. ಯಾರು ಹೇಳಿದ್ದು ಮಾವ ಎಂದರೆ, ‘ಯಾರು ಹೇಳುವುದು ಎಂತದು, ಫೋನೇ ಹೇಳ್ತದೆ! ನಾನು ಜೋಡಿ ಮುಗಿಸುವ ಆ ಗುಂಡಿ ಒತ್ತಿಯಾಯಿತು. ಊರಿನ ಮಸೀದಿಗೂ ಹೇಳಿಯಾಯಿತು, ದಫ್ತರ ತೆಗೆದು ನೋಡ್ತಾರೆ’ ಎಂದು ಇಟ್ಟುಬಿಟ್ಟರು. ನಾನು ಶಮೀನಾಳನ್ನು ಕಳೆದುಕೊಂಡೆ ಎಂದೇ ತಿಳಿದೆ.

ಮರುದಿನ ವಿಟ್ಲದಲ್ಲಿ ದಫ್ತರ ತೆರೆದು, ಕನ್ನಡಕ ಹಾಕಿಕೊಂಡು ಹುಡುಕಿದರು. ಅಬ್ದುಲ್ ಲತೀಫನ ಹೆಸರಿನಲ್ಲಿ ಒಂದು ನಿಕಾಹ್ ಇರುವುದು ನಿಜವೆಂದು ಪತ್ತೆಯಾಯಿತು. ಹುಡುಗಿಯ ಹೆಸರು ಶಮೀನಾ, ತಂದೆಯ ಹೆಸರು ಮಹಮ್ಮದ್ ಕುಂಞಿ, ಹಾಲಿ ವಾಸ ದಮ್ಮಾಮ್.

ಆದುದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳೇನೆಂದರೆ, ನಿಕಾಹ್ ಆಗಿ ಮದುವೆಗೆ ಕಾಯುತ್ತಿರುವವರಿಗಾಗಿ ಅರ್ಜಿಯಲ್ಲಿ ನಾಲ್ಕನೆಯ ಮನೆಯೊಂದನ್ನು ಕಟ್ಟಿಸಿಕೊಡಬೇಕು. ತಮ್ಮ ಥರ್ಮಾಮೀಟರನ್ನು ಜುಲೈ ತಿಂಗಳಲ್ಲಿ ಎರಡು ದಿನದ ಮಟ್ಟಿಗೆ ನಮ್ಮ ಏಳನೆಯ ಟ್ಯಾಂಕಿನ ಮೇಲೆ ತರಬೇತಿಗೆ ಕಳುಹಿಸಬೇಕು, ಹೆಲ್ಮೆಟ್ ಮತ್ತು ನೀರು ನಮ್ಮದೇ. ಮತ್ತು ಶಮೀನಾಳಿಗೂ ನನಗೂ ತೊಂಬತ್ತೇಳು ಅಂಕದ ಹೊಂದಾಣಿಕೆಯೆಂದು ಕೊಟ್ಟ ಸರ್ಟಿಫಿಕೇಟನ್ನು, ಅದು ವಾಸ್ತವವಾಗಿ ಯಾಂಬುವಿನಲ್ಲಿರುವ ಒಬ್ಬ ಸೇಫ್ಟಿ ಆಫೀಸರಿಗೆ ಸೇರಬೇಕಾದ್ದರಿಂದ, ವಿಷಾದಪೂರ್ವಕವಾಗಿ ಹಿಂಪಡೆಯಬೇಕು. ಅವನ ಹೆಂಡತಿ ಕುಂದಾಪುರದಲ್ಲಿದ್ದಾಳೆ, ಆಕೆಗೆ ಪ್ರತಿ ಕಳುಹಿಸುವ ಅಗತ್ಯವಿಲ್ಲ.

ಇನ್ನುಳಿದದ್ದು ಬೇಡಿಕೆಯಲ್ಲ, ತಮ್ಮ ಗಮನಕ್ಕೆ ಮಾತ್ರ. ಎರಡು ದಿನದ ರಜೆ ಸಿಕ್ಕಿದ್ದೇ ಜಿದ್ದಾದಿಂದ ವಿಮಾನ ಹಿಡಿದು ದಮ್ಮಾಮ್‌ಗೆ ಹೋದೆ. ಎರಡನೆಯ ಹುಡುಗಿ ಇಲ್ಲವೆಂದು ರುಜುವಾತಾಗಿತ್ತು. ಮೊದಲು ಅಷ್ಟು ಚೆನ್ನಾಗಿ ಬರೆದವನು ಆಮೇಲೆ ಯಾಕೆ ಬದಲಾದ ಎಂಬುದಕ್ಕೆ ಉತ್ತರ ಬಾಕಿಯಿತ್ತು. ಮಾವ ಎದುರಿನ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ನಾನು ನೆಲ ನೋಡಿಕೊಂಡು, ಏಣಿಗಳನ್ನು ಹತ್ತಿದವನು ನಾನಲ್ಲ, ಚೆಂದದ ಸಾಲುಗಳೂ ನನ್ನವಲ್ಲ, ಸೊನ್ನೆ ಬಂದ ಮೂವತ್ತು ಮಾತ್ರ ನನ್ನವು ಎಂದು ಹೇಳಿಬಿಟ್ಟೆ.

‘ಅದು ನನಗೆ ಗೊತ್ತಿತ್ತು’ ಎಂದಳು ಶಮೀನಾ. ‘ಅಸೆಂಬ್ಲಿ ಪಾಯಿಂಟ್ ಅಂತ ಬರೆಯುವವರು ಫೋನಲ್ಲಿ ಅಷ್ಟು ಹೆದರಿ ಮಾತಾಡ್ತಾರಾ?’ ಎಂದು ಒಳಗೆ ಹೋಗಿ ಒಂದು ನೋಟ್ ಪುಸ್ತಕ ತಂದು ಮುಂದಿಟ್ಟಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲವೆಂಬುದು ನನಗೆ ಆಗಲೇ ತಿಳಿದದ್ದು. ನನ್ನ ಸಾಲುಗಳನ್ನು ತಾಯಿಯ ಕೈಯಲ್ಲಿ ಓದಿಸಲು ನಾಚಿಕೆಯಾಗಿ, ತಾಯಿಯಿಂದಲೇ ಅಕ್ಷರ ಕಲಿತು, ದಿನಕ್ಕೊಂದರಂತೆ ಬಿಡಿಸಿ ಓದಿ ನಕಲು ಮಾಡಿದ್ದಳು. ಒಂದನೆಯ ತರಗತಿಯ ಮಗುವಿನ ಕೈಬರಹ. ‘ಇವತ್ತು ಮೂರು ಏಣಿ ವಾಪಸು ಕಳಿಸಿದೆ. ಮಧ್ಯಾಹ್ನ ಬೂತಾಯಿ ಮೀನಿನ ಸಾರು ಇತ್ತು, ಊರಿನ ರುಚಿ ಇಲ್ಲ.’ ‘ಇವತ್ತು ಒಬ್ಬನಿಗೆ ತಲೆ ತಿರುಗಿತು, ನೆರಳಿಗೆ ಕರೆದುಕೊಂಡು ಹೋದೆ.’ ಹೀಗೆ ಹತ್ತೊಂಬತ್ತು ಸಾಲುಗಳು. ಉಳಿದ ಹನ್ನೊಂದನ್ನು ಅವಳು ಓದುವ ಮೊದಲೇ ಮಾವ ಗುಂಡಿ ಒತ್ತಿದ್ದರು, ತಾವು ಎಲ್ಲವನ್ನೂ ಅಳಿಸಿದ್ದಿರಿ. ‘ಅವನ್ನು ನೀವೇ ಹೇಳಬೇಕು, ಒಂದೊಂದಾಗಿ’ ಎಂದಳು.

ಹತ್ತನ್ನು ಹೇಳಿದೆ. ಬಿಸಿಲು, ಬೋಲ್ಟು, ಬಸ್ಸು ತಡವಾದದ್ದು. ಅವಳು ಬರೆದುಕೊಂಡಳು. ಹನ್ನೊಂದನೆಯದೂ ನೆನಪಿತ್ತು, ಆದರೆ ಮಾವನ ಎದುರಿಗೆ ಬಾಯಿ ಬರಲಿಲ್ಲ. ಮಾವ ಪೇಪರು ಮಡಚಿ, ಗಡಿಯಾರ ನೋಡದೆಯೇ, ‘ಅಸರ್ ನಮಾಜಿಗೆ ಹೊತ್ತಾಯಿತು’ ಎಂದು ಅತ್ತೆಯನ್ನೂ ಒಳಗೆ ಕಳುಹಿಸಿ ಹೊರಟುಹೋದರು. ಬಾಂಗಿಗೆ ಇನ್ನೂ ಅರ್ಧ ಗಂಟೆಯಿತ್ತು.

ಆಗ ಹೇಳಿದೆ: ‘ಕೆಲಸ ಮುಗಿಯಿತು. ಮೊದಲು ನಿನಗೇ ಹೇಳಬೇಕು ಅನ್ನಿಸಿತು.’ ಶಮೀನಾ ಇದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಇಷ್ಟೆಲ್ಲ ಆದ ಮೇಲೂ ಮರ್ಯಾದೆ ಬಿಡದ
ತಮ್ಮ ವಿಶ್ವಾಸಿ,
ಅಬ್ದುಲ್ ಲತೀಫ್, ರಾಬಿಗ್

ಮರೆತ ಮಾತು: ‘ನಿಮ್ಮ ಪ್ರೇಮ ವಿಫಲವಾದದ್ದಕ್ಕೆ ವಿಷಾದಿಸುತ್ತೇವೆ, ನಿಮಗೆ ಹತ್ತಿರದಲ್ಲೇ ಇನ್ನೊಬ್ಬರನ್ನು ಹುಡುಕಿಕೊಡಲೇ?’ ಎಂದು ತಾವು ನಿನ್ನೆ ಕಳುಹಿಸಿದ ಸಂದೇಶ ತಲುಪಿದೆ. ಅದನ್ನು ಹಾಗೆಯೇ ಮಾವನಿಗೆ ಕಳುಹಿಸಿದ್ದೇನೆ. ಅವರು ಇಪ್ಪತ್ತೈದು ವರ್ಷದಿಂದ ಸುತ್ತಿಗೆ ಮಾರುವವರು, ತಮ್ಮ ವಿಳಾಸವನ್ನು ಬಹಳ ಆಸಕ್ತಿಯಿಂದ ಕೇಳುತ್ತಿದ್ದಾರೆ.